ತೆಗೆಯೋಕೆ ಬಾರದ ಡಬ್ಬಿ

ಇಡೀ ರಾದ್ಧಾಂತಕ್ಕೆ ಕಾರಣ ಒಂದು ಪೆನ್ಸಿಲ್ಲು.

ಕರಕುಶಲ ಮೇಳದ ಹಿಂದಿನ ದಿನ ಹೆಂಡ್ತಿ ಗುಮಾಸ್ತನ ಕೈಗೆ ಕೊಟ್ಟಿದ್ದು ಹೆಬ್ಬೆರಳು ದಪ್ಪದ ಕಪ್ಪು ಮಾರ್ಕರ್ರು, ಜೊತೆಗೆ ಒಂದು ಹಾಳೆ ಸ್ಟಿಕ್ಕರ್ರು. "ದೊಡ್ಡದಾಗಿ ಬೆಲೆ ಬರೀರಿ, ಮುಚ್ಚಳದ ಮೇಲೆ ಅಂಟಿಸಿ. ಬಾಗಿಲಲ್ಲಿ ನಿಂತವರಿಗೂ ಕಾಣ್ಬೇಕು" ಅಂದಿದ್ಲು. ಗುಮಾಸ್ತ ತಲೆ ಆಡಿಸಿ ಹಿತ್ತಲ ಶೆಡ್ಡಿಗೆ ಹೋದ. ಮಾರ್ಕರ್ ಪಕ್ಕಕ್ಕಿಟ್ಟ. ಕಿವಿ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಇರುವೆಗೆ ಮಾತ್ರ ಓದೋಕಾಗೋ ಅಷ್ಟು ಸಣ್ಣಕ್ಕೆ "ಮುನ್ನೂರು" ಅಂತ ಬರೆದ. ಬರೆದ ಮೇಲೆ ಅದೂ ಜಾಸ್ತಿಯಾಯ್ತೇನೋ ಅನ್ನಿಸ್ತು. ಕೆಳಗೆ "ಕಮ್ಮಿಯಾಗುತ್ತೆ" ಅಂತ ಸೇರಿಸಿದ. ಆಮೇಲೆ ಅಷ್ಟೂ ಸ್ಟಿಕ್ಕರನ್ನ ತಾನು ಮಾಡಿದ ಮರದ ಡಬ್ಬಿಗಳ ತಳಕ್ಕೆ ಅಂಟಿಸಿ, ಬೇರೆಯವರ ಜೇಬಿಗೆ ಕೈ ಹಾಕಿದವನ ಹಾಗೆ ಅತ್ತಿತ್ತ ನೋಡಿದ.

ಅವನ ಸ್ವಭಾವಾನೇ ಅಷ್ಟು. ಲೈಬ್ರರೀಲಿ ಕೂತು ವರ್ಷಾನುಗಟ್ಟಲೆ ಬಂದವರಿಗೆಲ್ಲ "ಶ್..." ಅಂದೂ ಅಂದೂ ಗಂಟಲು ಪಿಸುಮಾತಿಗೇ ಸೆಟ್ ಆಗಿಬಿಟ್ಟಿತ್ತು. ಅದರಲ್ಲೂ "ಇದಕ್ಕೆಷ್ಟು?" ಅಂತ ಯಾರಾದ್ರೂ ಕೇಳಿಬಿಟ್ರೆ ಮುಗೀತು. ಮೊದಲು ಕಿವಿ ಕೆಂಪಾಗೋದು. ಆಮೇಲೆ ಕತ್ತು. ಆಮೇಲೆ ಬಾಯಿ ತೆರೆಯೋದು, ಮುಚ್ಚೋದು, ನೀರಿಂದ ಆಚೆ ಬಿದ್ದ ಮೀನಿನ ಥರ. ಕೊನೆಗೆ "ನಿಮಗೆ ಎಷ್ಟು ಅನ್ಸುತ್ತೋ ಅಷ್ಟು..." ಅಂತ ನೆಲ ನೋಡ್ಕೊಂಡು ಹೇಳೋನು. ಹೋದ ಸಲ ಮೇಳದಲ್ಲಿ ಒಬ್ಬರು ಹಾಗೇ ಅನ್ಸಿದಷ್ಟು ಕೊಟ್ಟು, ಮರದ ಬಟ್ಟಲಿನ ಜೊತೆಗೆ ಅವನ ಛತ್ರೀನೂ ತಗೊಂಡು ಹೋಗಿದ್ರು. ಅದನ್ನೂ ಕೇಳೋಕೆ ಅವನಿಗೆ ನಾಚಿಕೆ.

ಆದ್ರೆ ಮರ ಕಡೆಯೋ ಲೇತ್ ಮುಂದೆ ನಿಂತ್ರೆ ಅವನೇ ಬೇರೆ. ಮರದ ತುಂಡು ಗಿರ್ರಂತ ತಿರುಗ್ತಾ ಇರ್ಬೇಕು, ಅದಕ್ಕೆ ಉಳಿ ಒತ್ತಿ ಹಿಡಿದ್ರೆ ಸಿಪ್ಪೆ ರಿಬ್ಬನ್ನಿನ ಹಾಗೆ ಸುರುಳಿ ಸುರುಳಿಯಾಗಿ ಹಾರ್ಬೇಕು, ಒಳಗಿಂದ ಒಂದು ದುಂಡನೆ ಡಬ್ಬಿ ಆಚೆ ಬರ್ಬೇಕು. ಸಂಜೆ ಎಲ್ಲಾ ಅದೇ ಕೆಲಸ. ತಲೆ ಮೇಲೆ, ಹುಬ್ಬಿನ ಮೇಲೆ, ಚಹಾದ ಲೋಟದಲ್ಲಿ, ಎಲ್ಲೆಲ್ಲೂ ಮರದ ಹೊಟ್ಟು.

ಅವತ್ತು ಬೆಳಗ್ಗೆ ಹೆಂಡ್ತಿ ಬಾಗಿಲಿಗೆ ಅಡ್ಡ ನಿಂತು ಹೇಳಿದ್ಲು, "ನೋಡ್ರಿ, ಇದೇ ಕೊನೆ ಮೇಳ. ಇವತ್ತು ಕಡೇಪಕ್ಷ ಸ್ಟಾಲ್ ಬಾಡಿಗೆ ಆದ್ರೂ ಹುಟ್ಲಿಲ್ಲ ಅಂದ್ರೆ, ಸಂಜೆ ನನ್ನ ತಮ್ಮ ವ್ಯಾನ್ ತರ್ತಾನೆ. ಆ ಲೇತನ್ನ ಎತ್ಕೊಂಡು ಹೋಗ್ತಾನೆ. ಶೆಡ್ಡಲ್ಲಿ ವಾಷಿಂಗ್ ಮೆಷಿನ್ ಇಡ್ತೀನಿ. ಅದೂ ಗಿರ್ರಂತ ತಿರುಗುತ್ತೆ, ಆದ್ರೆ ಬಟ್ಟೆನಾದ್ರೂ ಒಗೆಯುತ್ತೆ."

ಒಳಗೆ ರೂಮ್ ಹೀಟರ್ ಪಕ್ಕ ಕೂತಿದ್ದ ಅತ್ತೆ, "ಇಡು ಇಡು" ಅಂದ್ರು. ಅತ್ತೆಗೆ ಸದಾ ಚಳಿ. ವರ್ಷವಿಡೀ ಹೀಟರ್ ಹತ್ರ ಕೂತು ಕೂತು ಅವರು ಒಣದ್ರಾಕ್ಷಿ ಥರ ಆಗಿದ್ರು. ಅಳಿಯನ ವಿಷಯ ಬಂದಾಗ ಮಾತ್ರ ಸ್ವಲ್ಪ ರಸ ಬರೋದು.

ಗುಮಾಸ್ತ "ಹೂಂ" ಅಂದು ಡಬ್ಬಿಗಳ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಜಿನುಗೋ ಮಳೆಗೆ ಇಳಿದ. ಅವನ ಹೊಟ್ಟೇಲಿ ಇನ್ನೊಂದು ನಾಚಿಕೆ ಕೂತಿತ್ತು, ಅದು ಹೆಂಡ್ತಿಗೂ ಗೊತ್ತಿಲ್ಲ. ಡಬ್ಬಿ ಮಾಡಿದ ಮರ ಹಸಿ. ಪಕ್ಕದ ಮನೆ ತಾತನ ಅಂಗಳದ ಮರ ಗಾಳಿಗೆ ಬಿದ್ದು ಇನ್ನೂ ತಿಂಗಳೂ ಆಗಿರ್ಲಿಲ್ಲ. ಹಸಿ ಮರಾನ ವರ್ಷಗಟ್ಟಲೆ ನೆರಳಲ್ಲಿ ಒಣಗಿಸ್ದೆ ಮುಚ್ಚಳದ ಡಬ್ಬಿ ಮಾಡ್ಬಾರ್ದು ಅಂತ ಲೇತ್ ಹಿಡಿದವರಿಗೆಲ್ಲ ಗೊತ್ತು. ಒಣಗ್ತಾ ಒಣಗ್ತಾ ಮರ ಕುಗ್ಗುತ್ತೆ, ಮುಚ್ಚಳ ಹೆಂಗ್ ಹೆಂಗೋ ಆಗುತ್ತೆ. ಇವನಿಗೂ ಗೊತ್ತಿತ್ತು. ಆದ್ರೆ ಮೇಳ ಹತ್ರ ಬಂದಿತ್ತು, ಮರ ಪುಕ್ಕಟೆ ಸಿಕ್ಕಿತ್ತು, 'ಒಂದು ದಿನಕ್ಕೇನಾಗುತ್ತೆ' ಅಂತ ಮಾಡಿಬಿಟ್ಟಿದ್ದ. ತಣ್ಣಗಿನ ಶೆಡ್ಡಲ್ಲಿ ಒಂದೊಂದು ಮುಚ್ಚಳಾನೂ ಬೆಣ್ಣೆ ಥರ ಜಾರ್ತಿತ್ತು.

ಮೇಳ ಇದ್ದಿದ್ದು ಒಂದು ದೊಡ್ಡ ಹಾಲಲ್ಲಿ. ಮೇಲೆ ಸೂರಿನುದ್ದಕ್ಕೂ ಹೀಟರ್‌ಗಳು ಕೆಂಪಗೆ ಉರೀತಿದ್ವು. ಒಳಗೆ ಬಂದವರೆಲ್ಲ ಕೋಟು ಬಿಚ್ಚಿ ಕೈಲಿ ಹಿಡ್ಕೊಂಡು ಓಡಾಡ್ತಿದ್ರು.

ಗುಮಾಸ್ತನ ಪಕ್ಕದ ಮೇಜು ಸೋಪಿನಕ್ಕಂದು. ಮನೇಲೇ ಸೋಪ್ ಮಾಡಿ ಮಾರೋ ಹೆಂಗಸು. ಗಂಟಲು ಅಂದ್ರೆ ಗಂಟಲು, ಮೈಕ್ ಕೊಟ್ರೆ ಮೈಕಿಗೇ ಕಿವಿ ನೋವು ಬರ್ಬೇಕು.

"ಏನ್ ತಮ್ಮಾ, ಅಂಗಡಿ ಹಾಕಿದೀಯೋ ಇಲ್ಲ ಯಾರದ್ದೋ ಸಾಮಾನು ಕಾಯ್ತಾ ಇದೀಯೋ?" ಅಂದ್ಲು. "ಬೆಲೆ ಎಲ್ಲೋ?"

"ತಳದಲ್ಲಿದೆ ಅಕ್ಕ."

ಅಕ್ಕ ಒಂದು ಡಬ್ಬಿ ಎತ್ತಿ ತಿರುಗಿಸಿ, ಕಣ್ಣು ಕಿರಿದು ಮಾಡಿ, ಬೆಳಕಿಗೆ ಹಿಡಿದು ಓದಿದ್ಲು. "ಮುನ್ನೂರು. ಕಮ್ಮಿಯಾಗುತ್ತೆ. ಅಲ್ಲಾ ಮಾರಾಯ, ಗಿರಾಕಿ ಬಾಯಿ ಬಿಡೋಕೆ ಮುಂಚೆ ನೀನೇ ಚೌಕಾಸಿ ಮಾಡ್ಕೊಂಡು ನೀನೇ ಸೋತಿದೀಯಲ್ಲೋ!"

ಗುಮಾಸ್ತನ ಎಡಗಿವಿ ಕೆಂಪಾಯ್ತು.

ಮಧ್ಯಾಹ್ನದವರೆಗೂ ಬೋಣಿ ಇಲ್ಲ. ಜನ ಬರೋರು, ಸವರೋರು, "ಅಯ್ಯೋ ಎಷ್ಟು ನುಣ್ಣಗಿದೆ" ಅನ್ನೋರು, "ಇಂಥದ್ದೇ ಪ್ಲಾಸ್ಟಿಕ್‌ದು ನಮ್ಮನೇಲಿದೆ" ಅನ್ನೋರು, ಹೋಗೋರು. ಒಬ್ಬ ಮಹಾನುಭಾವ "ಇದರಲ್ಲಿ ಏನಿಡ್ಬೋದು?" ಅಂದ. "ಏನಾದ್ರೂ" ಅಂದ ಗುಮಾಸ್ತ. "ನನ್ಹತ್ರ ಏನೂ ಇಲ್ವಲ್ಲ" ಅಂತ ಅವನೂ ಹೋದ.

ಆಗ ಬಂದ್ರು ಉಂಗುರದ ಮೇಡಂ. ವಯಸ್ಸಾದ ಹೆಂಗಸು, ಉಣ್ಣೆ ಟೋಪಿ, ಮೆತ್ತಗಿನ ಮುಖ. ಇದ್ದಿದ್ದರಲ್ಲೇ ಚೆಂದದ ಡಬ್ಬಿ ಎತ್ಕೊಂಡು, ಸುಮ್ನೆ ಮೇಲಿಟ್ಟಿದ್ದ ಮುಚ್ಚಳ ತೆಗೆದು, ಮೂಸಿ ನೋಡಿ, "ತುಂಬಾ ಚೆನ್ನಾಗಿದೆಯಪ್ಪ. ಎಷ್ಟು?" ಅಂದ್ರು.

ಕಿವಿ. ಕತ್ತು. ಮೀನು.

ಬೆಲೆ ಹೇಳೋದು ತಪ್ಪಿಸ್ಕೊಳ್ಳೋಕೆ ಗುಮಾಸ್ತನ ಬಾಯಿಂದ ಬಂದ ಮಾತು ಇದು: "ಅದು... ಆಮೇಲಾಯ್ತು ಮೇಡಂ. ಉಂಗುರ ಇಡೋಕೆ ಚೆನ್ನಾಗಿರುತ್ತೆ. ಇಟ್ಟು ನೋಡಿ."

ಮೇಡಂ ಪಾಪ ನಕ್ಕು, ಬೆರಳಿಂದ ಕೆಂಪು ಹರಳಿನ ಉಂಗುರ ಬಿಚ್ಚಿ ಒಳಗಿಟ್ರು. ಮುಚ್ಚಳ ಒತ್ತಿದ್ರು. ಟಪ್ ಅಂತ ಕೂತ್ಕೊಳ್ತು. "ಎಷ್ಟು ಗಟ್ಟಿ!" ಅಂತ ಖುಷಿಪಟ್ರು. ಮತ್ತೆ ಎಳೆದ್ರು.

ಬರ್ಲಿಲ್ಲ.

"ಕೊಡಿ ಮೇಡಂ" ಅಂತ ಗುಮಾಸ್ತ ಎಳೆದ. ತಿರುಗಿಸಿದ. ತೊಡೆ ಮಧ್ಯ ಇಟ್ಟು ಎಳೆದ. ಮುಖ ಕುಂಬಳಕಾಯಿ ಥರ ಊದಿಕೊಳ್ತು, ಮುಚ್ಚಳ ಜಪ್ಪಯ್ಯ ಅನ್ಲಿಲ್ಲ. ಅವನಿಗೆ ತಕ್ಷಣ ಅರ್ಥ ಆಯ್ತು. ಮೇಲೆ ಹೀಟರ್, ಕೆಳಗೆ ಹಸಿ ಮರ. ಬೆಳಗ್ಗಿಂದ ಬಿಸಿಗೆ ಒಣಗಿ ಒಣಗಿ ಮುಚ್ಚಳ ಕುಗ್ಗಿದೆ. ಒತ್ತಿದ್ರೆ ಕೂರುತ್ತೆ, ಕೂತಿದ್ದು ಕಚ್ಕೊಳ್ಳುತ್ತೆ. ಕಳ್ಳ ಕೈಯಿಂದ ಪಕ್ಕದ ಖಾಲಿ ಡಬ್ಬಿ ಒಂದನ್ನ ಮುಚ್ಚಿ ಎಳೆದು ನೋಡಿದ. ಅದೂ ಅಷ್ಟೇ.

"ಏನಾಯ್ತೋ?" ಅಂತ ಸೋಪಿನಕ್ಕ ಬಂದ್ಲು. ಅವಳ ಹಿಂದೆ ಮೇಣದಬತ್ತಿ ಸ್ಟಾಲಿನವನು, ಅವನ ಹಿಂದೆ ಉಣ್ಣೆ ಸ್ಟಾಲಿನ ಅಜ್ಜಿ, ಅವರ ಹಿಂದೆ ಕೆಲಸ ಇಲ್ಲದೋರೆಲ್ಲ.

"ಸೋಪ್ ಸವರು" ಅಂದ್ಲು ಅಕ್ಕ. ಸವರಿದ್ರು. ಡಬ್ಬಿ ಕೈಯಿಂದ ಜಾರಿ ಜಾರಿ ಮೂರು ಸ್ಟಾಲ್ ದಾಟಿ ಹೋಯ್ತು, ಮುಚ್ಚಳ ಮಾತ್ರ ಬರ್ಲಿಲ್ಲ.

"ಬಿಸಿ ಮಾಡು" ಅಂದ ಮೇಣದಬತ್ತಿಯವನು. ಮಾಡಿದ್ರು. ಇನ್ನೂ ಬಿಗಿಯಾಯ್ತು.

"ಬೈದು ನೋಡಿ, ನಮ್ಮನೆಯವರು ಹಾಗೇ ದಾರಿಗೆ ಬರ್ತಾರೆ" ಅಂದ್ರು ಉಣ್ಣೆ ಅಜ್ಜಿ.

ಜಿಮ್ಮಿಗೆ ಹೋಗೋ ಥರ ಕಾಣ್ತಿದ್ದ ಒಬ್ಬ ಮುಂದೆ ಬಂದು, ತೋಳು ಮಡಚಿ, ತನ್ನ ಹೆಂಡ್ತಿ ಕಡೆ ಒಂದು ಸಲ ನೋಡಿ, ಎಳೆದ. ಅವನ ಅಂಗಿ ಗುಂಡಿ ಹಾರಿ ಮೇಣದಬತ್ತಿಯವನ ಹಣೆಗೆ ಬಿತ್ತು. ಡಬ್ಬಿ ಹಾಗೇ ಇತ್ತು. ಜನ ಹೋ ಅಂತ ನಕ್ರು. ಇನ್ನೊಬ್ಬ ಬಂದ. ಅವನಿಗೂ ಆಗ್ಲಿಲ್ಲ. ಸಾಲು ನಿಂತಿತು!

ಮೇಡಂ ಮಾತ್ರ ಗಾಬರಿ ಆಗ್ಲಿಲ್ಲ. ಗುಮಾಸ್ತನ ಒಂದೇ ಒಂದು ಸ್ಟೂಲಿನ ಮೇಲೆ ಕೂತ್ಕೊಂಡು, "ಇರ್ಲಿ ಬಿಡಪ್ಪ, ನಿನ್ನ ತಪ್ಪೇನಿದೆ. ಅದು ನಮ್ಮಮ್ಮ ಕೊಟ್ಟ ಉಂಗುರ, ಅದಿಲ್ದೆ ನಾನು ಮನೆಗೆ ಹೋಗಲ್ಲ ಅಷ್ಟೇ. ಕಾಯ್ತೀನಿ" ಅಂದ್ರು. ಚೀಲದಿಂದ ಬಿಸ್ಕತ್ ತೆಗೆದು ಅವನಿಗೂ ಒಂದು ಕೊಟ್ರು. ಅದನ್ನ ತಿನ್ನೋಕೆ ಅವನಿಗೆ ನಾಚಿಕೆ, ಬೇಡ ಅನ್ನೋಕೂ ನಾಚಿಕೆ. ಬಾಯಲ್ಲಿಟ್ಕೊಂಡ. ನುಂಗೋಕಾಗ್ಲಿಲ್ಲ.

"ಮೇಡಂ, ಅದು ಮರ..." ಅಂತ ಶುರುಮಾಡಿದ. ಹಸಿ ಮರ, ನನ್ನ ತಪ್ಪು, ಕ್ಷಮಿಸಿ ಅಂತ ಪೂರ್ತಿ ಹೇಳೋನೇ ಇದ್ದ.

ಅಷ್ಟರಲ್ಲಿ ಸೋಪಿನಕ್ಕ ತನ್ನ ಪೆಟ್ಟಿಗೆ ಮೇಲೆ ಹತ್ತಿ ನಿಂತಾಗಿತ್ತು.

"ಬನ್ನಿ ಸ್ವಾಮೀ ಬನ್ನಿ! ತೆಗೆಯೋಕೆ ಬಾರದ ಡಬ್ಬಿ! ಕಳ್ಳನ ಕೈಲಾಗಲ್ಲ, ಪೈಲ್ವಾನನ ಕೈಲಾಗಲ್ಲ, ಮಾಡಿದವನ ಕೈಲೂ ಆಗಲ್ಲ! ಬೀಗ ಇಲ್ಲ, ಕೀಲಿ ಇಲ್ಲ, ಒಳಗಿರೋದು ಒಳಗೇ! ಒಂದೇ ಒಂದು ಸಾವಿರ!"

"ಅಕ್ಕಾ!" ಅಂತ ಗುಮಾಸ್ತ ಪಿಸುಗುಟ್ಟಿದ. "ಮುನ್ನೂರು ಅಕ್ಕ!"

"ಸುಮ್ನಿರೋ. ತೆಗೆಯೋಕೆ ಬರೋ ಡಬ್ಬಿಗೆ ಮುನ್ನೂರು. ತೆಗೆಯೋಕೆ ಬಾರದಿದ್ರೆ ಸಾವಿರ."

ಯಾರು ತಗೋತಾರೆ ಅಂದ್ಕೊಂಡ ಗುಮಾಸ್ತ. ತೆಗೆಯೋಕಾಗದ ಡಬ್ಬಿ, ಬಿಚ್ಚೋಕಾಗದ ಛತ್ರಿ, ಎರಡೂ ಒಂದೇ ಅಲ್ವಾ? ಆದ್ರೆ ಜನರ ಮನಸ್ಸು ಅವನಿಗೇನು ಗೊತ್ತು. ಕೆಂಪು ಕೋಟಿನ ಒಬ್ಬ ಹೆಂಗಸು ಗುಂಪು ಸೀಳ್ಕೊಂಡು ಬಂದ್ಲು, ಹಿಂದೆ ಗಂಡ. "ಒಂದು ಕೊಡಿ" ಅಂದವಳೇ, ಗಂಡನ ಜೇಬಿಗೆ ಕೈ ಹಾಕಿ ಸಿಗರೇಟ್ ಪ್ಯಾಕ್ ತೆಗೆದು, ಇದ್ದ ಸಿಗರೇಟನ್ನೆಲ್ಲ ಅರ್ಧರ್ಧ ಮುರಿದು ಡಬ್ಬಿಗೆ ತುಂಬಿ, ಟಪ್ ಅಂತ ಮುಚ್ಚಿದ್ಲು.

"ಈಗ ಸೇದ್ರಿ ನೋಡೋಣ!"

ಗಂಡ ಅಲ್ಲೇ ನಿಂತು ಎಳೆದ. ಹಲ್ಲಲ್ಲಿ ಕಚ್ಚಿ ಎಳೆದ. "ಇದು ಅನ್ಯಾಯ ಕಣೇ" ಅಂದ. ಜನ ಚಪ್ಪಾಳೆ ಹೊಡೆದ್ರು. ಹೆಂಗಸು ಸಾವಿರ ಎಣಿಸಿಕೊಟ್ಟು, "ಇದಕ್ಕೆ ಎರಡು ಸಾವಿರ ಕೇಳಿದ್ರೂ ಕೊಡ್ತಿದ್ದೆ" ಅಂದ್ಲು.

ಅಲ್ಲಿಂದ ತಡೆಯೋರೇ ಇಲ್ಲ. ಒಬ್ಬಳು ತಾಯಿ ಮಗನ ಗೇಮಿನ ಕಾರ್ಡ್ ಹಾಕಿ ಮುಚ್ಚಿದ್ಲು. ಒಬ್ಬ ಅಣ್ಣ ತಂಗಿಯ ಲಿಪ್‌ಸ್ಟಿಕ್ ಹಾಕಿದ, ತಂಗಿ ಇನ್ನೊಂದು ಡಬ್ಬಿ ತಗೊಂಡು ಅಣ್ಣನ ಬೈಕ್ ಕೀ ಹಾಕಿದ್ಲು. ಒಬ್ಬರು ಚಾಕ್ಲೇಟ್ ಹಾಕಿ ತಮಗೆ ತಾವೇ "ಇನ್ನು ತಿನ್ನಲ್ಲ" ಅಂತ ಹೇಳ್ಕೊಂಡು ಹೋದ್ರು. ಎಲ್ಲರೂ ಮುಚ್ಚಿ, ಎಳೆದು, "ಬರ್ತಾನೇ ಇಲ್ಲ!" ಅಂತ ಸಂತೋಷದಿಂದ ದುಡ್ಡು ಕೊಡ್ತಿದ್ರು. ಗುಮಾಸ್ತ ತನ್ನ ಜೀವಮಾನದಲ್ಲಿ ಚೆನ್ನಾಗಿ ಮಾಡಿದ ಒಂದು ಬಟ್ಟಲಿಗೂ ಇಷ್ಟು ಮರ್ಯಾದೆ ಸಿಕ್ಕಿರ್ಲಿಲ್ಲ. ಕೆಟ್ಟದಾಗಿ ಮಾಡಿದ್ದಕ್ಕೆ ಕ್ಯೂ.

ಗುಮಾಸ್ತ ದುಡ್ಡು ತಗೊಳ್ತಾ ಒಬ್ಬೊಬ್ಬರಿಗೂ "ಸಾರಿ" ಅಂತಿದ್ದ. ಅವರು "ಥ್ಯಾಂಕ್ಯೂ" ಅಂದ್ಕೊಂಡು ಹೋಗ್ತಿದ್ರು.

ಹೀಗಿರೋವಾಗ ಒಬ್ಬ ಹುಡುಗಿ ಅಕ್ಕಂಗೂ ಇವನಿಗೂ ಚಹಾ ತಂದು ಮೇಜಿನ ಮೇಲಿಟ್ಲು. ಹೊಗೆ ಹೊಗೆ ಬರೋ ಚಹಾ. ಆಗ ಅವನು ಮುಚ್ಚಿ ನೋಡಿದ್ದ ಆ ಖಾಲಿ ಡಬ್ಬಿ ಲೋಟಕ್ಕೆ ಒರಗಿ ಕೂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗುಮಾಸ್ತ ಅದನ್ನ ಸುಮ್ನೆ ಎತ್ತಿಡೋಕೆ ಹೋದ. ಮುಚ್ಚಳ ಸರಾಗವಾಗಿ ಕೈಗೆ ಬಂತು.

ಆವಿ! ತೇವ ತಾಗಿದ್ರೆ ಮರ ಮತ್ತೆ ಹಿಗ್ಗುತ್ತೆ, ಬಿಟ್ಕೊಳ್ಳುತ್ತೆ.

ಮೇಡಂ ಎರಡು ಮಾರು ದೂರದಲ್ಲಿ ಸ್ಟೂಲಿನ ಮೇಲೆ, ತೊಡೆ ಮೇಲೆ ಡಬ್ಬಿ ಇಟ್ಕೊಂಡು, ಬರಿ ಬೆರಳು ಸವರ್ಕೊಂಡು ಕೂತಿದ್ರು. ಹೋಗಿ, ಡಬ್ಬಿ ಇಸ್ಕೊಂಡು, ಲೋಟದ ಮೇಲೆ ಹಿಡಿದ್ರೆ ಆಯ್ತು. ಉಂಗುರ ಅವರ ಬೆರಳಿಗೆ. ಆದ್ರೆ ಇಷ್ಟು ಜನರ ಎದುರಿಗೆ ಡಬ್ಬಿ ತೆಗೆದ್ರೆ? ಅಕ್ಕನ ಕೂಗು ಸುಳ್ಳಾಗುತ್ತೆ. ಮಿಕ್ಕಿರೋದು ಮಾರಲ್ಲ. ಮಾರಿದ್ದೂ ವಾಪಸ್. ಸಂಜೆ ಭಾಮೈದನ ವ್ಯಾನು. ಶೆಡ್ಡಲ್ಲಿ ವಾಷಿಂಗ್ ಮೆಷಿನ್ನು.

ಗುಮಾಸ್ತ ಚಹಾ ಎತ್ಕೊಂಡ. ಗಟಗಟ ಕುಡಿದುಬಿಟ್ಟ. ನಾಲಿಗೆ ಸುಟ್ಟುಹೋಯ್ತು.

"ಚಹಾ ಆಯ್ತಾಪ್ಪ?" ಅಂದ್ರು ಮೇಡಂ ಪ್ರೀತಿಯಿಂದ. "ಪಾಪ, ಆ ಒಂದು ಬಿಸ್ಕತ್ ಬಿಟ್ರೆ ಏನೂ ತಿಂದಿಲ್ಲ ನೀನು. ಇನ್ನೊಂದು ಬಿಸ್ಕತ್ ತಗೋ."

ತಗೊಂಡ. ಅಂಥಾ ಕಹಿ ಬಿಸ್ಕತ್ತು ಅವನು ಹುಟ್ಟಿದಾಗಿನಿಂದ ತಿಂದಿರ್ಲಿಲ್ಲ.

ಕೊನೇ ಡಬ್ಬಿ ಹೋದಾಗ ಹೆಂಡ್ತಿ ಫೋನ್ ಬಂತು. "ರೀ, ಏನಾದ್ರೂ ಹೋಯ್ತಾ?"

"ಎಲ್ಲಾ ಹೋಯ್ತು."

"ಏನು? ಬಸ್ಸಲ್ಲಿ ಕಳ್ಕೊಂಡ್ರಾ?"

"ಮಾರಾಟ ಆಯ್ತು. ಒಂದಕ್ಕೆ ಒಂದು..." ಸಾವಿರ ಅನ್ನೋಕೆ ಹೆಂಡ್ತಿ ಹತ್ರಾನೂ ನಾಚಿಕೆ. ಫೋನನ್ನ ಸೋಪಿನಕ್ಕ ಕಿತ್ಕೊಂಡ್ಲು. "ತಂಗೀ, ನಿನ್ನ ಗಂಡ ಅಂದ್ರೆ ಏನು ಅಂದ್ಕೊಂಡಿದೀಯ! ತೆಗೆಯೋಕೇ ಬಾರದ ಡಬ್ಬಿ ಮಾಡಿದಾನೆ! ಜನ ಮುಗಿಬಿದ್ದು ತಗೊಂಡ್ರು!" ಆ ಕಡೆಯಿಂದ ಒಂದು ಕಿರುಚು ಕೇಳಿಸ್ತು. ಮದುವೆ ಆದಾಗಿನಿಂದ ಅವನ ವಿಷಯಕ್ಕೆ ಹೆಂಡ್ತಿ ಖುಷಿಯಿಂದ ಕಿರುಚಿದ್ದು ಅದೇ ಮೊದಲು.

ಒಂದು ಗಂಟೆ ಆ ಖುಷಿ ಇತ್ತು ಅನ್ನಿ.

ಮೊದಲು ಬಂದಿದ್ದು ಕೆಂಪು ಕೋಟು. ಕೋಟು ಮಳೇಲಿ ನೆಂದು ಮೆರೂನ್ ಆಗಿತ್ತು. ಡಬ್ಬಿಯನ್ನ ಮೇಜಿನ ಮೇಲೆ ಕುಕ್ಕಿದ್ಲು. ಮುಚ್ಚಳ ಒಂದು ಕಡೆ, ಡಬ್ಬಿ ಒಂದು ಕಡೆ ಉರುಳ್ತು.

"ಏನ್ರೀ ಇದು ಮೋಸ? ತೆಗೆಯೋಕೆ ಬರುತ್ತೆ!"

"ಬ... ಬರುತ್ತಾ?"

"ಬಸ್‌ಸ್ಟಾಪಲ್ಲಿ ನಿಂತಿದ್ವಿ, ತಾನಾಗೇ ಬಾಯಿ ಬಿಡ್ತು! ನಮ್ಮನೆಯವರು ನೋಡಿ ಅಲ್ಲಿ!" ಬಾಗಿಲಾಚೆ ಗಂಡ ಮುರಿದ ಸಿಗರೇಟಿನ ತುಂಡನ್ನ ಮೂಗಿಗೆ ತಾಗೋ ಹಾಗೆ ಹಿಡ್ಕೊಂಡು, ಸ್ವರ್ಗ ಕಂಡವನ ಥರ ಹೊಗೆ ಬಿಡ್ತಿದ್ದ. ಗುಮಾಸ್ತನ ಕಡೆ ತಿರುಗಿ ಕೈ ಎತ್ತಿ ನಮಸ್ಕಾರಾನೂ ಮಾಡಿದ.

ಅವಳ ಹಿಂದೆ ಗೇಮಿನ ತಾಯಿ. "ಡಬ್ಬಿ ಬಿಚ್ಕೊಂಡು ಬಿಡ್ತು, ಹುಡುಗ ಆಟ ಶುರು ಮಾಡಿ ಆಯ್ತು, ನನ್ನ ದುಡ್ಡು ವಾಪಸ್ ಕೊಡಿ." ಹಿಂದೆ ಅಣ್ಣ ತಂಗಿ, ಒಬ್ಬರ ಮೇಲೊಬ್ಬರು ಹಾಯ್ಕೊಂಡು. ಹಿಂದೆ ಬಾಯಿ ತುಂಬಾ ಚಾಕ್ಲೇಟ್ ಮೆತ್ಕೊಂಡವರು, ಅಳೋ ಹಾಗಿದ್ರು. ಹೊರಗೆ ಹೋದ ಒಂದೊಂದು ಡಬ್ಬೀನೂ ಮಳೆಗಾಳಿ ತಾಗಿದ್ದೇ ತಡ ಹಾ ಅಂತ ಬಾಯಿ ತೆರೆದಿತ್ತು. ಮಧ್ಯಾಹ್ನ ನಿಂತಿದ್ದ ಸಾಲೇ ಈಗ ತಿರುಗಿ ನಿಂತಿತ್ತು. ಎಲ್ಲರದ್ದೂ ಒಂದೇ ಕೂಗು: "ತೆಗೆಯೋಕೆ ಬರುತ್ತೆ! ತೆಗೆಯೋಕೆ ಬರುತ್ತೆ!"

ಸೋಪಿನಕ್ಕನ ಕಡೆ ನೋಡಿದ. ಅಕ್ಕ ಯಾವಾಗ ಮೇಜು ಖಾಲಿ ಮಾಡಿದ್ಲೋ ಏನೋ, ಅಲ್ಲಿ ಲ್ಯಾವೆಂಡರ್ ವಾಸನೆ ಮಾತ್ರ ಇತ್ತು.

ಗುಮಾಸ್ತ ತಲೆ ತಗ್ಗಿಸಿ ಒಬ್ಬೊಬ್ಬರಿಗೂ ದುಡ್ಡು ಕೊಟ್ಟ. ಬೆಲೆ ಅನ್ನೋ ಮಾತನ್ನ ಬಾಯಿಬಿಟ್ಟು ಹೇಳೋಕೆ ಹೆದರ್ತಿದ್ದವನಿಗೆ ಅವತ್ತು ಹಾಲ್ ಪೂರ್ತಿ "ಸಾವಿರ, ಸಾವಿರ, ನನ್ನ ಸಾವಿರ" ಅಂತ ಕೇಳಿಸ್ತಿತ್ತು.

ಕೊನೆಗೆ ಉಳಿದಿದ್ದು ಮೇಡಂ ಒಬ್ಬರೇ. ಅವರು ಹೊರಗೆ ಹೋಗಿರ್ಲಿಲ್ಲವಲ್ಲ, ಹೀಟರ್ ಕೆಳಗೇ ಕೂತಿದ್ರು, ಅವರ ಡಬ್ಬಿ ಇನ್ನೂ ಭದ್ರ.

"ಎಲ್ಲರದ್ದೂ ಬಂತಂತೆ," ಅಂದ್ರು. "ನಂದು ಯಾಕಪ್ಪ ಬರ್ತಿಲ್ಲ?"

ಗುಮಾಸ್ತ ಹೋಗಿ ಒಂದು ಲೋಟ ಬಿಸಿ ಚಹಾ ತಂದ. ಡಬ್ಬಿ ಇಸ್ಕೊಂಡು ಆವಿಗೆ ಹಿಡಿದ. ಸ್ವಲ್ಪ ಹೊತ್ತಿಗೆ ಮುಚ್ಚಳ ಬಿಟ್ಕೊಳ್ತು. ಉಂಗುರ ತೆಗೆದು ಅವರ ಅಂಗೈ ಮೇಲಿಟ್ಟ.

ಮೇಡಂ ಉಂಗುರ ನೋಡಿದ್ರು. ಚಹಾ ನೋಡಿದ್ರು. ಮಧ್ಯಾಹ್ನ ಅವನು ಕುಡಿದಿಟ್ಟ ಖಾಲಿ ಲೋಟ ಮೇಜಿನ ಮೇಲೇ ಇತ್ತು, ಅದನ್ನೂ ನೋಡಿದ್ರು.

"ನಿನಗೆ ಗೊತ್ತಿತ್ತಾ?" ಅಂದ್ರು, ಮೆತ್ತಗೆ.

"ಹೂಂ."

ಬೈದಿದ್ರೆ ಚೆನ್ನಾಗಿರ್ತಿತ್ತು. ಅವರು ಬೈಲಿಲ್ಲ. ಉಂಗುರ ಹಾಕ್ಕೊಂಡು, ಟೋಪಿ ಸರಿಮಾಡ್ಕೊಂಡು, ಬಿಸ್ಕತ್ ಪ್ಯಾಕೆಟ್ಟನ್ನ ಜೋಪಾನವಾಗಿ ಮಡಚಿ ತಮ್ಮ ಚೀಲಕ್ಕೆ ವಾಪಸ್ ಹಾಕ್ಕೊಂಡು ಹೋದ್ರು. ಅಷ್ಟೇ. ಗುಮಾಸ್ತನಿಗೆ ಆ ಪ್ಯಾಕೆಟ್ ಮಡಚಿದ ಸದ್ದು ಕಪಾಳಕ್ಕೆ ಹೊಡೆದ ಹಾಗೆ ಕೇಳಿಸ್ತು.

ಬಸ್ಸಲ್ಲಿ ಮನೆವರೆಗೂ ಅವನು ಮನಸ್ಸಲ್ಲೇ ಪಾಠ ಮಾಡ್ಕೊಂಡ. 'ಹೇಳಿಬಿಡ್ತೀನಿ. ಒಂದೇ ಉಸಿರಿಗೆ. ಹಸಿ ಮರ, ನನ್ನ ತಪ್ಪು, ಎಲ್ಲಾ ವಾಪಸ್ ಬಂತು. ಲೇತ್ ತಗೊಂಡು ಹೋಗ್ಲಿ. ಇನ್ನೊಂದು ಸುಳ್ಳು ನನ್ನ ಕೈಲಾಗಲ್ಲ.' ಮನೆ ಮುಂದೆ ವ್ಯಾನ್ ನಿಂತಿತ್ತು. ಡಬ್ಬಿ ಬ್ಯಾಗನ್ನ ಜಗಲಿ ಮೇಲೇ ಬಿಟ್ಟು, ಸಾಕ್ಷಿಗೆ ಒಂದನ್ನ ಕೋಟಿನ ಜೇಬಿಗೆ ಹಾಕ್ಕೊಂಡು ಬಾಗಿಲು ತಳ್ಳಿದ.

ಚಪ್ಪಾಳೆ!

ಹೆಂಡ್ತಿ, ಅತ್ತೆ, ಭಾಮೈದ, ಪಕ್ಕದ ಮನೆ ತಾತ, ಎಲ್ಲಾ ಹೀಟರ್ ಸುತ್ತ ನಿಂತು ಚಪ್ಪಾಳೆ ಹೊಡೀತಿದ್ರು. "ಬಂದ್ರು ಬಂದ್ರು! ನನ್ನ ಮರ, ಇವನ ಕೈ!" ಅಂದ್ರು ತಾತ. ಅತ್ತೆ ತಮ್ಮ ಜಾಗ ಬಿಟ್ಟು ಎದ್ದು, "ಅಳಿಯಂದ್ರೇ, ಬನ್ನಿ, ಹೀಟರ್ ಹತ್ರ ಕೂತ್ಕೊಳ್ಳಿ" ಅಂದ್ರು. ಆ ಜಾಗ ಅವರು ಡಾಕ್ಟರಿಗೂ ಬಿಟ್ಟುಕೊಟ್ಟಿರ್ಲಿಲ್ಲ.

"ಎಲ್ರೂ ಕೇಳಿ," ಅಂದ ಗುಮಾಸ್ತ. "ಅದು ಚಮತ್ಕಾರ ಅಲ್ಲ. ತಪ್ಪು. ಡಬ್ಬಿ ತೆಗೆಯೋಕೆ ಬರುತ್ತೆ."

ಎಲ್ರೂ ನಕ್ರು. "ನೋಡಿದ್ರಾ ವಿನಯ!" ಅಂದ್ರು ತಾತ.

"ಸುಮ್ನಿರ್ರೀ," ಅಂದ್ಲು ಹೆಂಡ್ತಿ. "ಶೆಡ್ಡಲ್ಲಿ ನೀವು ಮರೆತು ಬಿಟ್ಟು ಹೋದ ಒಂದು ಡಬ್ಬಿ ಮಧ್ಯಾಹ್ನಾನೇ ತಂದು ಇಲ್ಲಿಟ್ಟಿದೀನಿ. ಈಗ ಎಲ್ಲರೆದುರಿಗೆ ಶೆಡ್ ಬೀಗದ ಕೈ ಹಾಕಿ ಮುಚ್ಚಿದೆ. ನಾಲ್ಕು ಜನ ಎಳೆದ್ವಿ. ಅಮ್ಮ ಕೋಲಲ್ಲೂ ಹೊಡೆದ್ರು. ಎಲ್ಲಿ, ತೆಗೀರಿ ನೋಡೋಣ!"

ಗುಮಾಸ್ತ ಎಳೆದ. ಮಧ್ಯಾಹ್ನದಿಂದ ಅತ್ತೆಯ ಹೀಟರ್ ಮುಂದಿದ್ದ ಡಬ್ಬಿ ಅದು. ಕಲ್ಲು. ಮತ್ತೆ ಚಪ್ಪಾಳೆ.

"ಇಲ್ಲ, ಇಲ್ಲ, ಇದು ನೋಡಿ!" ಅಂತ ಜೇಬಿಂದ ಸಾಕ್ಷಿ ಡಬ್ಬಿ ತೆಗೆದ. ಮುಟ್ಟಿದ್ದೇ ಮುಚ್ಚಳ ಬಿದ್ದುಹೋಯ್ತು.

ಭಾಮೈದ ಅದನ್ನ ಎತ್ತಿ ನೋಡಿದ. "ಇದು ಸಾದಾ ಮಾಡೆಲ್ ಇರ್ಬೇಕು ಭಾವ. ನಮಗೆ ಬೇಕಾಗಿರೋದು ಆ ಮಾಡೆಲ್ಲು."

"ನಮಗೆ ಅಂದ್ರೆ?"

"ಅದೇ ರೀ ಸರ್‌ಪ್ರೈಸು!" ಹೆಂಡ್ತಿ ಮಕ್ಕಳ ಥರ ಕುಣಿದ್ಲು. "ನಿಮ್ಮ ಫೋನ್ ಆದ್ಮೇಲೆ ಇವನಿಗೆ ಹೇಳ್ದೆ. ಇವನು ಆಫೀಸಲ್ಲಿ ಹೇಳ್ದ. ಎಲ್ಲರಿಗೂ ಬೇಕಂತೆ, ತೆಗೆಯೋಕೆ ಬಾರದ ಡಬ್ಬಿ. ಐವತ್ತು! ಪೂರ್ತಿ ದುಡ್ಡು ಮುಂಗಡ ಕೊಟ್ಟಾಯ್ತು. ಅದಕ್ಕೆ ನಾನು ಕೂಡಿಟ್ಟಿದ್ದನ್ನೆಲ್ಲ ಸೇರಿಸಿ..." ಅಂತ ಪಕ್ಕಕ್ಕೆ ಸರಿದ್ಲು. ಅವಳ ಹಿಂದೆ, ಬೆಳ್ಳಗೆ, ಹೊಳೀತಾ, ಹೊಸ ವಾಷಿಂಗ್ ಮೆಷಿನ್ ನಿಂತಿತ್ತು. ಬಾಗಿಲಲ್ಲಿದ್ದ ವ್ಯಾನು ಲೇತ್ ತಗೊಂಡು ಹೋಗೋಕಲ್ಲ, ಇದನ್ನ ತರೋಕೆ ಬಂದಿದ್ದು.

ಅಡುಗೆಮನೇಲಿ ಚಹಾದ ಕೆಟಲ್ ಕುದ್ದು ಕುದ್ದು ಆವಿ ಬಿಡ್ತಿತ್ತು. ನಾಲ್ಕು ಹೆಜ್ಜೆ. ಹೋಗಿ ಡಬ್ಬಿ ಹಿಡಿದ್ರೆ ಬೀಗದ ಕೈ ಕೈಗೆ ಬರುತ್ತೆ, ಸತ್ಯಾನೂ ಆಚೆ ಬರುತ್ತೆ. ಗುಮಾಸ್ತ ಕೆಟಲ್ ನೋಡಿದ. ಹೆಂಡ್ತಿ ಮುಖ ನೋಡಿದ. ಅತ್ತೆ ಬಿಟ್ಟುಕೊಟ್ಟ ಕುರ್ಚಿ ನೋಡಿದ. ಬಸ್ಸಲ್ಲಿ ಮಾಡ್ಕೊಂಡ ಪಾಠದಲ್ಲಿ ಮುಂದಿನ ವಾಕ್ಯ ಏನಿತ್ತು ಅಂತ ನೆನಪೇ ಆಗ್ಲಿಲ್ಲ.

"ಹಾಂ," ಅಂದ, ಗಂಟಲು ಸರಿಮಾಡ್ಕೊಂಡು. ಒಂದಕ್ಕೆ ಸಾವಿರದ ಲೆಕ್ಕದಲ್ಲಿ ಐವತ್ತು ಸಾವಿರ ಆದ್ರೆ, ಲೈಬ್ರರಿಗೆ ರಜೆ ಹಾಕಿ, ಬೇರೆ ಒಣ ಮರ ತಂದು, ಒಳಗೆ ಏನಾದ್ರೂ ನಿಜವಾದ ಗುಪ್ತ ಕೊಕ್ಕೆ ಕೂರಿಸಿ, ಹೇಗಾದ್ರೂ ಮಾಡಿ ಮಾನ ಉಳಿಸ್ಕೋಬೋದು ಅಂತ ಲೆಕ್ಕ ಹಾಕಿದ. "ಹಾಗಾದ್ರೆ... ಒಂದಕ್ಕೆ ಎಷ್ಟು ಅಂತ ಹೇಳಿದ್ರಿ?"

ಜೀವನದಲ್ಲಿ ಮೊದಲ ಸಲ ಅವನು ಬೆಲೆಯ ಬಗ್ಗೆ ತಾನಾಗಿ ಬಾಯಿಬಿಟ್ಟು ಕೇಳಿದ್ದು.

"ಅದರ ಚಿಂತೆ ನಿಮಗೆ ಬೇಡ ಭಾವ," ಅಂದ ಭಾಮೈದ. ಬೀಗದ ಕೈ ಇದ್ದ ಡಬ್ಬಿಯನ್ನ ತಲೆಕೆಳಗೆ ಮಾಡಿ, ತಳದ ಸ್ಟಿಕ್ಕರನ್ನ ಅವನ ಕಣ್ಣಿಗೆ ಹಿಡಿದ. "ನೀವೇ ಬರೆದಿದೀರಲ್ಲ, ಮುನ್ನೂರು ಅಂತ. ಕೆಳಗೆ 'ಕಮ್ಮಿಯಾಗುತ್ತೆ' ಅಂತಾನೂ ಇತ್ತು. ನಮ್ಮ ಆಫೀಸಿನವರು ಸುಮ್ನೆ ಬಿಡ್ತಾರಾ? ಕಮ್ಮಿ ಮಾಡಿಸ್ಕೊಂಡ್ರು. ನೂರಕ್ಕೆ ಇಳಿಸ್ದೆ."

ಎಲ್ಲರೂ ಮತ್ತೆ ಚಪ್ಪಾಳೆ ಹೊಡೆದ್ರು. ಗುಮಾಸ್ತನ ಕಿವಿ ಕೆಂಪಾಯ್ತು, ಎರಡೂ. ಅತ್ತೆ ಅತ್ತ ಕಡೆಯಿಂದ ಕೈ ಚಾಚಿ ಆ ಬಿಸಿಗೇ ಚಳಿ ಕಾಯಿಸ್ಕೊಳ್ಳೋ ಹಾಗಿತ್ತು. ಆ ಕಿವಿ ಪಕ್ಕ ಹಿಡಿದ್ರೆ ಡಬ್ಬಿ ಇನ್ನೂ ಬಿಗಿಯಾಗ್ತಿತ್ತೇ ಹೊರತು ತೆಗೆಯೋಕಂತೂ ಬರ್ತಿರ್ಲಿಲ್ಲ.